ಸಣ್ಣ ಪಿಕಪ್ಪೂ ಹಿಂದಣ ಗಾಡಿಯೂ



ಈ ಸಂಜೆ ನಾನು ಮಾತನಾಡಬೇಕೆಂದಿರುವ ವಿಷಯವು ಕಾವ್ಯಮೀಮಾಂಸೆಯೂ ಅಲ್ಲ, ರಾಜವಂಶಗಳ ಚರಿತ್ರೆಯೂ ಅಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಸಣ್ಣ ಪಿಕಪ್ ವಾಹನವೊಂದು ಎರಡು ಗಾಲಿಯ ಟ್ರೈಲರನ್ನು ಹಿಂದೆ ಕಟ್ಟಿಕೊಂಡು ಓಡುವುದುಂಟಷ್ಟೆ, ಅದರ ವಿಷಯ. ಕಾಲೇಜಿನ ಅಧ್ಯಾಪಕನಿಗೆ ಈ ಗೊಡವೆ ಏತಕ್ಕೆಂದು ನೀವು ಕೇಳಬಹುದು. ನಮ್ಮ ಮನೆಗೆ ತಾರಸಿ ಹಾಕುವ ದಿನ ಕಾಂಕ್ರೀಟು ಕಲಸುವ ಯಂತ್ರವು ಬರುವುದು ಹೀಗೆಯೇ. ಗಾಲಿಗಳ ಮೇಲೆ ಕೂರಿಸಿದ ಜನರೇಟರು ಕೆಲವು ವೇಳೆ ಮದುವೆಯ ಚಪ್ಪರಕ್ಕೆ ಬರುವುದೂ ಹೀಗೆಯೇ. ಬೇಗ ಬಾರಯ್ಯ ಎಂದು ಆ ಚಾಲಕನನ್ನು ದೂರವಾಣಿಯಲ್ಲಿ ಅವಸರಪಡಿಸುವವರು ಪಟ್ಟಣವಾಸಿಗಳಾದ ನಾವು. ಆದಕಾರಣ ಅವನ ಕೆಲಸದ ಮರ್ಮವನ್ನು ಕೊಂಚ ತಿಳಿದುಕೊಳ್ಳುವುದು ನಮಗೂ ಸಲ್ಲುತ್ತದೆ.

2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ವಾಹನವು ಬಂದಿತು. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನು, 16 ಅಶ್ವಶಕ್ತಿ, 750 ಕಿಲೋಗ್ರಾಂ ಹೊರೆ. ಆ ಮೇಲೆ ಅದಕ್ಕಿಂತ ಬಲವಾದ ಪಿಕಪ್ಪುಗಳು ಬಂದುವು. ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸವು ಈಗ ಇವುಗಳ ಪಾಲಿಗೆ ಬಂದಿದೆ. ಚೆಂಡು ಹೂವು, ಬಾಳೆ, ಅರಿಶಿನ, ಸಣ್ಣ ಈರುಳ್ಳಿ, ಎಲ್ಲವನ್ನೂ ಇವು ಹೊರುತ್ತವೆ. ಹೊರುವುದು ಸಾಲದೆಂದು ಕಂಡಾಗ, ಹಿಂದೆ ಇನ್ನೊಂದು ಗಾಡಿಯನ್ನು ಏಕೆ ಕಟ್ಟಬಾರದೆಂಬ ಯೋಚನೆ ಹುಟ್ಟುವುದು ಸಹಜ. ಎಂಜಿನ್ನು ಎಳೆಯಬಲ್ಲುದೆ ಎಂದು ಎಲ್ಲರೂ ಕೇಳುತ್ತಾರೆ. ಎಳೆಯುತ್ತದೆ, ಮೊದಲನೆಯ ಗೇರಿನಲ್ಲಿ ಏದುತ್ತಲಾದರೂ ಎಳೆಯುತ್ತದೆ. ಆದರೆ ಕೇಳಬೇಕಾದುದು ಆ ಪ್ರಶ್ನೆಯಲ್ಲ. ಹಿಂದಣ ಗಾಡಿಯನ್ನು ಅದು ಹಿಡಿದು ನಿಲ್ಲಿಸಬಲ್ಲುದೆ?

ನಮ್ಮ ಸೀಮೆಯ ಭೂಸ್ಥಿತಿಯನ್ನು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ನಾವಿರುವುದು ಎತ್ತರದ ನೆಲದಲ್ಲಿ. ಚಾಮರಾಜನಗರದಿಂದ ಹಾಸನೂರಿನ ಮೇಲೆ ಸತ್ಯಮಂಗಲಕ್ಕೆ ಹೋಗುವವನು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಮೇಲೆ ಕೋಳಿಕ್ಕೋಡಿಗೆ ಹೋಗುವವನಿಗೆ ತಾಮರಶ್ಶೇರಿ ಘಾಟಿಯ 9 ತಿರುವುಗಳು ಇದ್ದೇ ಇವೆ. ಎಂದರೆ, ಸರಕು ತುಂಬಿ ಹೋಗುವಾಗ ಇಳಿಜಾರು, ಬರಿದಾಗಿ ಹಿಂದಿರುಗುವಾಗ ಏರು! ಎಂಜಿನ್ನಿನ ಬಲಕ್ಕೆ ಪರೀಕ್ಷೆಯೇ ಇಲ್ಲ, ಪರೀಕ್ಷೆಯೆಲ್ಲ ಬ್ರೇಕಿಗೆ.

ಘಾಟಿಯ ಮಾತಿಗೆ ಮುಂಚೆ ಹೊರೆ ಕಟ್ಟುವ ಮಾತು. ನಮ್ಮ ಗಾಡಿ ಹೊಡೆಯುವವರಿಗೆ ‘ಮೂಕಿಭಾರ’ ಎಂಬ ಶಬ್ದವು ಚೆನ್ನಾಗಿ ಗೊತ್ತು. ಎರಡು ಗಾಲಿಯ ಗಾಡಿಗೆ ಹೊರೆ ತುಂಬುವಾಗ ಅಚ್ಚಿನ ಮುಂದೆ ಎಷ್ಟು, ಹಿಂದೆ ಎಷ್ಟು ಎಂಬುದನ್ನು ಹಳಬರು ನೊಗವನ್ನು ಕೈಯಿಂದ ಎತ್ತಿ ನೋಡಿಯೇ ಹೇಳುತ್ತಿದ್ದರು. ಮೂಕಿಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದೆ ಭಾರ ಹೆಚ್ಚಾದರೆ ನೊಗವು ಮೇಲೆದ್ದು ಕೊರಳ ಹಗ್ಗವು ಉರುಲಾಗುತ್ತದೆ. ಟ್ರೈಲರಿನ ಶಾಸ್ತ್ರವೂ ಇದೇ. ನೊಗದ ಸ್ಥಾನದಲ್ಲಿ ಕೊಂಡಿ, ಎತ್ತಿನ ಸ್ಥಾನದಲ್ಲಿ ಪಿಕಪ್ಪು.

ಲೆಕ್ಕ ಸುಲಭವಾದುದು. ಟ್ರೈಲರೂ ಹೊರೆಯೂ ಕೂಡಿ 600 ಕಿಲೋಗ್ರಾಂ ಇದ್ದರೆ, ಅದರಲ್ಲಿ ಹತ್ತನೆಯ ಒಂದು ಪಾಲು, ಎಂದರೆ 60 ಕಿಲೋಗ್ರಾಮಿನಷ್ಟು, ಕೊಂಡಿಯ ಮೇಲೆ ಕೂರಬೇಕು. ಮಂಡಿಯಲ್ಲಿ ಈರುಳ್ಳಿ ಮೂಟೆ ತೂಗುವ ತಕ್ಕಡಿಯ ಮೇಲೆ, ಗಾಡಿಯು ಸಮವಾಗಿ ನಿಲ್ಲುವ ಎತ್ತರದಲ್ಲಿ, ಅದರ ಮೂತಿಯನ್ನು ಇಳಿಸಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಈ 60 ಕಿಲೋಗ್ರಾಮನ್ನು ಪಿಕಪ್ಪಿನ ಹೊರೆಯಲ್ಲಿ ಎಣಿಸುವುದನ್ನು ಮರೆಯಬಾರದು. ಕೊಂಡಿಯು ಹಿಂದಿನ ಅಚ್ಚಿನಿಂದ ಒಂದು ಮೀಟರು ಆಚೆಗಿದ್ದು, ಎರಡು ಅಚ್ಚುಗಳ ನಡುವೆ ಎರಡು ಮೀಟರು ಅಂತರವಿದ್ದರೆ, ಹಿಂದಿನ ಗಾಲಿಗಳ ಮೇಲೆ 90 ಕಿಲೋಗ್ರಾಂ ಹೆಚ್ಚುತ್ತದೆ, ಮುಂದಿನ ಗಾಲಿಗಳ ಮೇಲೆ 30 ಕಡಮೆಯಾಗುತ್ತದೆ. ದಾರಿ ತೋರುವ ಗಾಲಿಗಳೇ ಹಗುರಾಗುವುವು. ಸನ್ನೆಗೋಲಿನ ಈ ನಿಯಮವನ್ನು ನಾವು ಹುಡುಗರಿಗೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಅದನ್ನು ರಸ್ತೆಯಲ್ಲಿ ಬಾಳಿಸುವವರು ಬೇರೆಯವರು.

ಹಾಗಾದರೆ ಕೊಂಡಿಯ ಭಾರವನ್ನು ಇಳಿಸಿಬಿಡಬಹುದಲ್ಲ ಎಂದರೆ, ಅದು ಇನ್ನೂ ಕೆಟ್ಟದ್ದು. ಹಿಂಭಾರವಾದ ಟ್ರೈಲರು ಮೆಲ್ಲನೆ ಹೋಗುವಾಗ ಸಾಧುವಾಗಿಯೇ ಇರುತ್ತದೆ. ವೇಗವು ಒಂದು ಮಿತಿಯನ್ನು ದಾಟಿತೆಂದರೆ, ಎದುರಿನ ಲಾರಿಯ ಗಾಳಿಯೋ ರಸ್ತೆಯ ಹಳ್ಳವೋ ನೆವವಾಗಿ ಬಾಲ ಅಲ್ಲಾಡಿಸಲು ತೊಡಗುತ್ತದೆ. ಒಂದೊಂದು ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ, ಕೊನೆಗೆ ಬಾಲವೇ ತಲೆಯನ್ನು ಅಲ್ಲಾಡಿಸುತ್ತದೆ. ಆಗ ಬ್ರೇಕನ್ನು ಬಲವಾಗಿ ಒತ್ತುವುದಾಗಲಿ, ವೇಗ ಹೆಚ್ಚಿಸಿ ನೆಟ್ಟಗೆ ಮಾಡಿಬಿಡುತ್ತೇನೆಂಬ ಶೂರತನವಾಗಲಿ ಕೂಡದು. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು, ವೇಗವು ತಾನಾಗಿ ಕುಗ್ಗುವವರೆಗೆ ಕಾಯಬೇಕು. ಕಾಂಕ್ರೀಟು ಕಲಸುವ ಸಣ್ಣ ಯಂತ್ರಗಳಲ್ಲಿ ಅನೇಕಕ್ಕೆ ಸ್ಪ್ರಿಂಗೂ ಇಲ್ಲ, ಬ್ರೇಕೂ ಇಲ್ಲ. ಅವು ಕೆಲಸದ ಜಾಗದಲ್ಲಿ ಅತ್ತಿತ್ತ ಸರಿಸುವುದಕ್ಕೆಂದು ಆದುವೇ ಹೊರತು ಹೆದ್ದಾರಿಯ ಓಟಕ್ಕಲ್ಲ.

ಇನ್ನು ಘಾಟಿ. ಹದಿನೈದು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ, ಬ್ರೇಕಿಲ್ಲದ 600 ಕಿಲೋಗ್ರಾಮಿನ ಟ್ರೈಲರು ಪಿಕಪ್ಪನ್ನು ಸುಮಾರು 40 ಕಿಲೋಗ್ರಾಂ ಭಾರದ ಬಲದಿಂದ ಹಿಂದಿನಿಂದ ನೂಕುತ್ತಲೇ ಇರುತ್ತದೆ. ನೇರ ದಾರಿಯಲ್ಲಿ ಇದು ಅಷ್ಟೇನೂ ಅಲ್ಲ. ತಿರುವಿನಲ್ಲಿ ಬ್ರೇಕು ಒತ್ತಿದಾಗ ನೂಕು ಇನ್ನೂ ಹೆಚ್ಚುವುದಲ್ಲದೆ ಓರೆಯಾಗಿಯೂ ಬೀಳುತ್ತದೆ. ಪಿಕಪ್ಪಿನ ಹಿಂಭಾಗವು ಹೊರಕ್ಕೆ ಜಾರುವುದು ಆಗಲೇ. ಗಂಟೆಗೆ 30 ಕಿಲೋಮೀಟರು ಹೋಗುವಾಗ ಬ್ರೇಕು ನುಂಗಬೇಕಾದ ಶಕ್ತಿಗಿಂತ 60ರಲ್ಲಿ ನುಂಗಬೇಕಾದುದು ನಾಲ್ಕು ಮಡಿ. ಆದುದರಿಂದ ಇಳಿಜಾರು ಮೊದಲಾಗುವ ಮುಂಚೆಯೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿಗೇ ತಡೆಯುವ ಕೆಲಸವನ್ನು ಒಪ್ಪಿಸಬೇಕು.

ಇದನ್ನು ಅರಿಯದವರು ಯಾರು? ಚಾಲಕರು ಅರಿತೇ ಇದ್ದಾರೆ. ಆದರೆ ಗಡಿಯಾರವೆಂಬುದೊಂದಿದೆ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೆ ತಡೆಯಿದೆ. ಕಾಡುಮೃಗಗಳ ದೃಷ್ಟಿಯಿಂದ ಅದು ನ್ಯಾಯವಾದ ಕಟ್ಟಳೆಯೆಂದೇ ನನ್ನ ಮತ. ಓಣಂ ಹಬ್ಬಕ್ಕೆ ಹೂವು ಸಾಗಿಸುವವನಿಗಾದರೋ ಒಂಬತ್ತು ಗಂಟೆ ಕಳೆದರೆ ಹೂವು ಬಾಡುತ್ತದೆ, ಬೆಲೆ ಇಳಿಯುತ್ತದೆ. ಎಂಟೂವರೆಗೆ ಗುಂಡ್ಲುಪೇಟೆಯನ್ನು ಬಿಡುವವನ ಕಾಲು ಯಾವುದರ ಮೇಲೆ ಇರುತ್ತದೆಂದು ನೀವೇ ಊಹಿಸಿ. ಸರಕು ಕೊಳ್ಳುವವರು ಮಧ್ಯಾಹ್ನವೇ ಹೊರೆ ಕಟ್ಟಿಸಿಕೊಟ್ಟರೆ ಎಷ್ಟೋ ಅನರ್ಥವು ತಪ್ಪುತ್ತದೆ. ಅದಕ್ಕೆ ಕಾಸೂ ಖರ್ಚಿಲ್ಲ.

ಹಾಸನೂರಿನ ಕಡೆ ಇನ್ನೊಂದು ವಿಶೇಷ. ಅಲ್ಲಿ ಆನೆಗಳು ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ತಮ್ಮ ಸುಂಕವನ್ನು ತಾವೇ ವಸೂಲು ಮಾಡುತ್ತವೆ. ಬರಿಯ ಪಿಕಪ್ಪಾದರೆ ಮೆಲ್ಲನೆ ಹಿಂದೆ ಸರಿಯಬಹುದು. ಟ್ರೈಲರು ಕಟ್ಟಿದವನಿಗೆ ಆ ಸೌಕರ್ಯವಿಲ್ಲ. ಹಿಂದೆ ಸರಿಯುವಾಗ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೈಲರಿನ ಬಾಲವು ಎಡಕ್ಕೆ ಹೋಗುತ್ತದೆ. ಒಂದು ಗಳಿಗೆ ಮೈಮರೆತರೆ ಎರಡೂ ಅಡಕತ್ತರಿಯಂತೆ ಮಡಿಚಿಕೊಳ್ಳುತ್ತವೆ. ಗಾಡಿಯು ಗಿಡ್ಡವಾದಷ್ಟೂ ಈ ಚಪಲ ಹೆಚ್ಚು. ಆನೆಯ ಎದುರಿನಲ್ಲಿ ಇದನ್ನು ಕಲಿಯಲಾಗದು. ಬಯಲಿನಲ್ಲಿ, ಬರಿದಾದ ಗಾಡಿಯೊಡನೆ, ನಾಲ್ಕು ದಿನ ಅಭ್ಯಾಸ ಮಾಡತಕ್ಕದ್ದು.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೈಲರೂ ಒಂದು ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು. ಬೆಸುಗೆಯ ಅಂಗಡಿಯಲ್ಲಿ ಮಾಡಿಸಿ ಮಾರನೆಯ ದಿನವೇ ರಸ್ತೆಗೆ ಇಳಿಸುವಂತಿಲ್ಲ. ಎಷ್ಟು ಎಳೆಯಬಹುದೆಂದು ಪಿಕಪ್ಪಿನ ತಯಾರಕರು ಹೇಳಿದ್ದರೆ ಅಷ್ಟು; ಹೇಳದಿದ್ದರೆ ಎಳೆಯಬಾರದೆಂದೇ ತಿಳಿಯುವುದು ಲೇಸು. ಕೊಂಡಿಯ ಕೆಳಗೆ ಎರಡು ಸರಪಣಿಗಳನ್ನು ಕತ್ತರಿಯಾಕಾರವಾಗಿ ಬಿಗಿದಿದ್ದರೆ, ಕೊಂಡಿ ಕಳಚಿದರೂ ಗಾಡಿಯ ಮೂತಿಯು ನೆಲಕ್ಕೆ ನಾಟದೆ ಅವುಗಳ ಮೇಲೆ ಕೂರುತ್ತದೆ. ಹಿಂದುಗಡೆ ಕೆಂಪು ದೀಪವಿಲ್ಲದ ಟ್ರೈಲರು ಕತ್ತಲೆಯಲ್ಲಿ ಗೋಡೆಗೆ ಸಮಾನ.

ಚಾಮರಾಜನಗರವನ್ನು ಬಿಟ್ಟವನು ತೆರಕಣಾಂಬಿಯಲ್ಲಿ ಕಾಫಿಗೆ ಇಳಿದಾಗ ಇನ್ನೊಂದು ಕೆಲಸ ಮಾಡಬಹುದು. ಟ್ರೈಲರಿನ ಎರಡು ಗಾಲಿಗಳ ಗುಂಬವನ್ನೂ ಅಂಗೈಯ ಹಿಂಬದಿಯಿಂದ ಮೆಲ್ಲನೆ ಮುಟ್ಟಿ ನೋಡುವುದು. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಒಳಗಿನ ಬೇರಿಂಗು ಒಣಗಿದೆ ಅಥವಾ ಅಳತೆ ಮೀರಿ ಬಿಗಿದಿದೆ ಎಂದು ಅರ್ಥ. ಹಿಂದಿನವರು ಗಾಡಿಯ ಕೆಳಗೆ ಕೀಲೆಣ್ಣೆಯ ಕೊಳವೆಯೊಂದನ್ನು ತೂಗುಹಾಕಿಕೊಂಡು ಹೋಗುತ್ತಿದ್ದರು. ಈಗ ಒಂದು ಡಬ್ಬಿ ಗ್ರೀಸು ಸೀಟಿನ ಕೆಳಗೆ ಇದ್ದರೆ ಸಾಕು.