ಪ್ರಯೋಗಾಲಯಕ್ಕೆ ಮರಳಿದ ಪ್ರಶ್ನೆ

ವಿದ್ವಾಂಸರು ವ್ಯಾಪಾರಕ್ಕಿಳಿದರೆ ವಿದ್ಯೆ ಬಡವಾಗುತ್ತದೆ ಎಂಬ ಅಳುಕು ನಮ್ಮಲ್ಲಿ ಹಳೆಯದು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ವೃತ್ತಿಜೀವನ ಬೇರೆಯದನ್ನೇ ಹೇಳುತ್ತದೆ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂಜೀನ್ ವಾಂಗ್ ಜೊತೆ ಅವರು ಇಂಗ್ರೆಸ್ ಎಂಬ ಡೇಟಾಬೇಸ್ ರೂಪಿಸಿದರು. 1980ರಲ್ಲಿ ಅದಕ್ಕೊಂದು ಕಂಪನಿಯೂ ಹುಟ್ಟಿತು. ಕೊರತೆ ಗೊತ್ತಾದದ್ದು ಬಳಕೆಯಲ್ಲಿ. ಅಂಕಿ, ಅಕ್ಷರಗಳನ್ನು ಸಲೀಸಾಗಿ ನಿಭಾಯಿಸುತ್ತಿದ್ದ ವ್ಯವಸ್ಥೆ ನಕ್ಷೆಯ ಗೆರೆ, ಆಕಾರಗಳ ಮುಂದೆ ತಡವರಿಸುತ್ತಿತ್ತು. 1986ರಲ್ಲಿ ಶುರುವಾದ ಪೋಸ್ಟ್‌ಗ್ರೆಸ್ ಸಂಶೋಧನೆಗೆ ಆ ತಡವರಿಕೆಯೇ ಬೀಜ. ಬಳಸುವವರ ದೂರು ಹೀಗೆ ಪ್ರಶ್ನೆಯಾಗಿ ಪ್ರಯೋಗಾಲಯಕ್ಕೆ ಮರಳಿದ್ದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸಾರ್ವಜನಿಕ ಸಂಸ್ಥೆಯಲ್ಲಿ ಬೆಳೆದ ಜ್ಞಾನ ಖಾಸಗಿ ಲಾಭಕ್ಕೆ ಹೋಗಲಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಸಂಶೋಧನೆಯ ಫಲ ಪೂರ್ತಿಯಾಗಿ ಕಂಪನಿಯ ಬೀಗದೊಳಗೆ ಸೇರಿದ್ದರೆ ನಾನೂ ಅದನ್ನು ಒಪ್ಪುತ್ತಿರಲಿಲ್ಲ. ಆದರೆ ಪೋಸ್ಟ್‌ಗ್ರೆಸ್ ಆಧರಿಸಿದ ಇಲಸ್ಟ್ರಾ ಕಂಪನಿಯನ್ನು 1996ರಲ್ಲಿ ಇನ್‌ಫಾರ್ಮಿಕ್ಸ್ ಕೊಂಡುಕೊಂಡ ಮೇಲೂ ವಿಶ್ವವಿದ್ಯಾಲಯದ ಮೂಲ ಕೋಡ್ ಮುಕ್ತವಾಗಿಯೇ ಉಳಿಯಿತು. ವಿದ್ಯಾರ್ಥಿಗಳು ಅದನ್ನು ಬೆಳೆಸಿದರು, ಆಮೇಲೆ ಸ್ವಯಂಸೇವಕರು ಕೈಗೆತ್ತಿಕೊಂಡರು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರಿನ ಆ ಡೇಟಾಬೇಸನ್ನು ಇಂದು ಯಾರು ಬೇಕಾದರೂ ಒಂದು ಪೈಸೆ ಕೊಡದೆ ಬಳಸಬಹುದು, ತಿದ್ದಬಹುದು. ಸ್ಟೋನ್‌ಬ್ರೇಕರ್ ಅವರಿಗೆ 2014ರ ಟ್ಯೂರಿಂಗ್ ಪ್ರಶಸ್ತಿ ಸಂದಾಗ ಅವರು ಎಂಐಟಿಯಲ್ಲಿ ಸಂಶೋಧನೆ ನಡೆಸುತ್ತಲೇ ಇದ್ದರು.