ಗಣಕಜಾಲದ ಮರುವಿನ್ಯಾಸ

ನಮಗೊಂದು ಕಾಗದ ಬಂದರೆ ಅದರ ಮೇಲೆ ಬರೆದಿರುವ ಕಳುಹಿಸಿದವರ ವಿಳಾಸವನ್ನು ನಂಬುತ್ತೇವೆ. ಅದು ನಿಜವೋ ಸುಳ್ಳೋ ಎಂದು ಅಂಚೆಯವರು ಪರೀಕ್ಷಿಸುವುದಿಲ್ಲ. ತಲಪಿಸುವುದಷ್ಟೇ ಅವರ ಕೆಲಸ. ಇಂದು ಜಗತ್ತನ್ನು ಹೆಣೆದಿರುವ ಗಣಕಜಾಲವೂ ಮೂಲತಃ ಹೀಗೆಯೇ. ಸಂದೇಶವು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ಸಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಎರಡು ವಿಳಾಸಗಳಿರುತ್ತವೆ. ಕಳುಹಿಸಿದವರ ವಿಳಾಸವನ್ನು ಜಾಲವು ತಾನಾಗಿ ಪರೀಕ್ಷಿಸುವುದಿಲ್ಲ.

ಇದೇಕೆ ಹೀಗಾಯಿತು? 1974ರಲ್ಲಿ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಅವರು ಬೇರೆ ಬೇರೆ ಜಾಲಗಳನ್ನು ಒಂದುಗೂಡಿಸುವ ಕ್ರಮವೊಂದನ್ನು ಪ್ರಕಟಿಸಿದರು. ಅದರಿಂದ ಬೆಳೆದ ನಿಯಮಾವಳಿಯನ್ನು ಅಮೆರಿಕದ ಆರ್ಪಾನೆಟ್ 1983ರ ಜನವರಿ 1ರಂದು ಅಂಗೀಕರಿಸಿತು. ಅದರ ಹಿಂದಿನ ಉದ್ದೇಶಗಳನ್ನು 1988ರಲ್ಲಿ ಡೇವಿಡ್ ಕ್ಲಾರ್ಕ್ ಪ್ರಬಂಧವೊಂದರಲ್ಲಿ ಕ್ರಮವಾಗಿ ಬರೆದಿಟ್ಟರು. ಜಾಲಗಳನ್ನು ಜೋಡಿಸುವ ಮೂಲಗುರಿಯ ಕೆಳಗೆ ಏಳು ಗುರಿಗಳು. ಕೆಲವು ಕೊಂಡಿಗಳು ಕಳಚಿದರೂ ಸಂಪರ್ಕ ನಿಲ್ಲಬಾರದೆಂಬುದು ಮೊದಲನೆಯದು. ಬಳಕೆಯ ಲೆಕ್ಕಕ್ಕೆ ಅವಕಾಶವಿರಬೇಕೆಂಬುದು ಕಡೆಯದು. ಸೇನೆಯ ಅಗತ್ಯದಿಂದ ಹುಟ್ಟಿದ ಜಾಲಕ್ಕೆ ಈ ಕ್ರಮ ಸಹಜವೆಂದೂ, ವ್ಯಾಪಾರಕ್ಕಾಗಿ ಕಟ್ಟಿದ್ದರೆ ಅದು ಬೇರೆಯಾಗುತ್ತಿತ್ತೆಂದೂ ಅವರೇ ಹೇಳಿದ್ದಾರೆ. ಭದ್ರತೆಯಂತೂ ಆ ಏಳರಲ್ಲಿ ಸೇರಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ವಿದ್ಯಾರ್ಥಿಯೊಬ್ಬನು ಹರಿಯಬಿಟ್ಟ ‘ಹುಳು’ ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿತು. ಪರಸ್ಪರ ಪರಿಚಿತರ ಓಣಿಗೆಂದು ಮಾಡಿದ ಅಗುಳಿಯಿಲ್ಲದ ಬಾಗಿಲು ಪಟ್ಟಣಕ್ಕೆ ಸಾಲಲಿಲ್ಲ.

ಹಾಗಾದರೆ ತಳಪಾಯದಿಂದಲೇ ಹೊಸದಾಗಿ ಕಟ್ಟಬಾರದೇಕೆ? 2010ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಇಂತಹ ಕೆಲವು ಪ್ರಯತ್ನಗಳಿಗೆ ನೆರವು ನೀಡಿತು. ಅವುಗಳಲ್ಲೊಂದರ ವಿಚಾರ ಗಮನಾರ್ಹವಾದುದು. ಇಂದಿನ ಜಾಲ ‘ಎಲ್ಲಿದೆ?’ ಎಂದು ಕೇಳುತ್ತದೆ. ಆ ಜಾಲ ‘ಏನು ಬೇಕು?’ ಎಂದು ಕೇಳುತ್ತದೆ. ಒಂದೇ ಭಾಷಣವನ್ನು ಬಯಸುವ ಸಾವಿರ ಮಂದಿ ದೂರದ ಒಂದೇ ಮನೆಯ ಕದ ತಟ್ಟಬೇಕಾಗಿಲ್ಲ. ಹತ್ತಿರದಲ್ಲಿ ಯಾರ ಬಳಿ ಪ್ರತಿಯಿದೆಯೋ ಅವರು ಕೊಟ್ಟರಾಯಿತು. ಅದರೊಡನೆ ಬರುವ ಗುಪ್ತಲಿಪಿಯ ರುಜು ಅದು ಅಸಲಿಯೆಂಬುದಕ್ಕೆ ಸಾಕ್ಷಿ.

ಇದು ಆಕರ್ಷಕವಾದ ಯೋಜನೆಯೇನೋ ಹೌದು. ಆದರೆ ವಸ್ತುವಿನ ಹೆಸರನ್ನು ಹೇಳಿಯೇ ಕೇಳಬೇಕೆಂದಾಗ, ಕೇಳಿದ್ದೇನೆಂಬುದು ದಾರಿಯಲ್ಲಿರುವವರಿಗೂ ತಿಳಿಯಬಹುದು. ಎಲ್ಲಕ್ಕೂ ರುಜು ಬೇಕೆಂದಾಗ, ಅಧಿಕಾರಕ್ಕೆ ಅಂಜಿ ಹೆಸರು ಮರೆಸಿ ಬರೆಯುವವನ ಗತಿಯೇನು? ವಂಚಕನನ್ನು ಹಿಡಿಯಲು ಹಚ್ಚಿದ ದೀಪ ಸಜ್ಜನನ ಮನೆಯೊಳಕ್ಕೂ ಬೆಳಕು ಚೆಲ್ಲುತ್ತದೆ.

ಒಮ್ಮೆ ಹಾಕಿದ ತಳಪಾಯವನ್ನು ಬದಲಿಸುವುದು ಸುಲಭವಲ್ಲ. ಹಳೆಯ ಪದ್ಧತಿಯಲ್ಲಿ ದೊರೆಯುವ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಹೊಸ ವಿಳಾಸಪದ್ಧತಿ 1998ರಲ್ಲಿಯೇ ಸಿದ್ಧವಾಯಿತು. 2011ರಲ್ಲಿ ಹಳೆಯದರ ಕೇಂದ್ರ ದಾಸ್ತಾನೇ ಬರಿದಾಯಿತು. ಆದರೂ ಹಳೆಯದು ಇನ್ನೂ ಬಳಕೆಯಲ್ಲಿದೆ. ಆದುದರಿಂದ ಮುಂದಿನ ಪಟ್ಟಿಯಲ್ಲಿ ಯಾವುದು ಮೊದಲು, ಯಾವುದು ಕಡೆಗೆ ಎಂಬ ನಿರ್ಧಾರವನ್ನು ಯಂತ್ರಶಿಲ್ಪಿಗಳಿಗಷ್ಟೇ ಬಿಟ್ಟುಬಿಡುವಂತಿಲ್ಲ. ಹಿಂದಿನ ಸಲ ಕಡೆಗಿಟ್ಟದ್ದರ, ಮರೆತದ್ದರ ಬೆಲೆಯನ್ನು ತೆರುತ್ತಿರುವವರು ನಾವು. ಈ ಸಲದ ಬೆಲೆ ತೆರುವವರು ನಮ್ಮ ಮಕ್ಕಳು.