ಅರೆಹೊತ್ತಿನ ದುಡಿಮೆಗಾರನೂ ದುಡಿಮೆಗಾರನೇ

(ರಾಜರಾಜೇಶ್ವರಿನಗರದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯೊಂದರಲ್ಲಿ, ಕಾಲ್ ಸೆಂಟರುಗಳ ಅರೆಹೊತ್ತಿನ ಕೆಲಸಗಾರರ ಪರವಾಗಿ ಮಾಡಿದ ಭಾಷಣ)



ನಮ್ಮ ಮುಖ ನಿಮಗೆ ಹೊಸದಾದರೂ ನಮ್ಮ ದನಿ ಹೊಸದಲ್ಲ. ನೀವು ಅಂಗಡಿಯಲ್ಲಿ ಗಿರಾಕಿಗೆ ಬೇಳೆ ತೂಗುತ್ತಿರುವಾಗ ಫೋನು ಬರುತ್ತದೆ. “ಸಾರ್, ನಿಮ್ಮ ವ್ಯಾಪಾರಕ್ಕೆ ಐದು ಲಕ್ಷ ಸಾಲ ಸಿಗುವ ಅವಕಾಶ ಇದೆ” ಎಂದು ಒಂದು ದನಿ ಶುರು ಮಾಡುತ್ತದೆ. ನಿಮ್ಮಲ್ಲಿ ಹಲವರು ಮಾತು ಮುಗಿಯುವ ಮೊದಲೇ ಫೋನು ಇಡುತ್ತೀರಿ. ಕೆಲವರು ನಾಲ್ಕು ಮಾತು ಬೈದು ಇಡುತ್ತೀರಿ. ಆ ದನಿ ನಮ್ಮದು. ಫೋನಿನ ಆ ತುದಿಯಲ್ಲಿ ಕೂತವರ ಬದುಕು ಎಂಥದು ಎಂಬುದನ್ನು ಹೇಳಿರೆಂದು ಈ ಸಭೆಯವರು ಕೇಳಿದ್ದಾರೆ. ಹೇಳುತ್ತೇವೆ. ಅಯ್ಯೋ ಪಾಪ ಎನ್ನಿಸಿಕೊಳ್ಳುವುದಕ್ಕಲ್ಲ. ನಿಮ್ಮ ದುಡಿಮೆಗೂ ನಮ್ಮ ದುಡಿಮೆಗೂ ಇರುವ ನಂಟನ್ನು ತೋರಿಸುವುದಕ್ಕೆ.

ಮೊದಲು ಈ ಊರಿನ ಮಾತು. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರುವ ತನಕ ಈ ಪ್ರದೇಶಕ್ಕೆ ತನ್ನದೇ ನಗರಸಭೆ ಇತ್ತು. ರಾಜರಾಜೇಶ್ವರಿ ದೇವಸ್ಥಾನದಿಂದ ಹೆಸರು ಪಡೆದ ಬಡಾವಣೆಯಿದು. ಒಂದು ಮಗ್ಗುಲಿಗೆ ಮೈಸೂರು ರಸ್ತೆಯ ಉಡುಪು ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಪಟ್ಟಣಗೆರೆಯ ಹತ್ತಿರ ಗ್ಲೋಬಲ್ ವಿಲೇಜ್ ಎಂಬ ದೊಡ್ಡ ಟೆಕ್ ಪಾರ್ಕ್ ಎದ್ದಿತು. 2021ರ ಆಗಸ್ಟಿನಲ್ಲಿ ಮೆಟ್ರೊ ರೈಲು ಕೆಂಗೇರಿಯವರೆಗೆ ಬಂತು. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಒಂದೇ ಗಾಡಿಯಾಯಿತು. ಕಾಲೇಜಿನ ಹುಡುಗರು, ಮಕ್ಕಳನ್ನು ಶಾಲೆಗೆ ಕಳಿಸಿ ಮಧ್ಯಾಹ್ನ ಬಿಡುವಾಗುವ ಗೃಹಿಣಿಯರು, ಮನೆಬಾಡಿಗೆಗೆ ಸಂಬಳ ಸಾಲದ ಗುಮಾಸ್ತರು ಇಲ್ಲಿ ಬೇಕಾದಷ್ಟು ಮಂದಿ. ಇಂಥವರಿಗಾಗಿಯೇ ಹುಟ್ಟಿದ್ದು ‘ಪಾರ್ಟ್ ಟೈಮ್’ ಕೆಲಸ. ಅದು ಗಾಜಿನ ಕಟ್ಟಡದಲ್ಲೇ ನಡೆಯಬೇಕೆಂದಿಲ್ಲ. ಬೇಕರಿಯ ಮೇಲಿನ ಮಹಡಿಯಲ್ಲಿ ನಲವತ್ತು ಕುರ್ಚಿ, ನಲವತ್ತು ಕಂಪ್ಯೂಟರು ಹಾಕಿದರೂ ಒಂದು ಕಾಲ್ ಸೆಂಟರು ಆಯಿತು.

ಈಗ ಕೆಲಸದ ಮಾತು. ಗಿರಣಿಯಲ್ಲಿ ದುಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮಲ್ಲಿ ಮಗ್ಗ ಓಡುತ್ತಿದ್ದರೆ ಕೈ ಓಡಲೇಬೇಕು. ನಮ್ಮಲ್ಲಿ ಓಡುವುದು ಡಯಲರ್ ಎಂಬ ಯಂತ್ರ. ನಂಬರನ್ನು ನಾವು ಒತ್ತುವುದಿಲ್ಲ, ಅದೇ ಒತ್ತುತ್ತದೆ. ಒಂದು ಕರೆ ಮುಗಿದ ಕೆಲವೇ ಕ್ಷಣದಲ್ಲಿ ಇನ್ನೊಂದು ಕಿವಿಗೆ ಬೀಳುತ್ತದೆ. ಹೆಡ್‌ಸೆಟ್ ಕಿವಿಯ ಮೇಲೆ, ಕಣ್ಣು ಪರದೆಯ ಮೇಲೆ, ಬಾಯಲ್ಲಿ ಸ್ಕ್ರಿಪ್ಟು. ಸ್ಕ್ರಿಪ್ಟು ಎಂದರೆ ಆಡಬೇಕಾದ ಮಾತುಗಳ ಪಟ್ಟಿ. ಅದರಲ್ಲಿ ಇಲ್ಲದ ಮಾತು ಆಡಕೂಡದು. ಕರೆಯೊಂದಕ್ಕೆ ಎಷ್ಟು ನಿಮಿಷ ಹಿಡಿಯಿತು, ಎಷ್ಟು ಹೊತ್ತು ಸುಮ್ಮನಿದ್ದೆವು, ನೀರು ಕುಡಿಯಲು ಎಷ್ಟು ಹೊತ್ತು ಎದ್ದು ಹೋದೆವು, ಎಲ್ಲವನ್ನೂ ಯಂತ್ರವೇ ಬರೆದುಕೊಳ್ಳುತ್ತದೆ. ಬೆನ್ನ ಹಿಂದೆ ಟೀಮ್ ಲೀಡರ್ ನಡೆದಾಡುತ್ತಿರುತ್ತಾನೆ. ಅವನಿಗೂ ಮೇಲಿನಿಂದ ಟಾರ್ಗೆಟ್ ಉಂಟು. ಗಿರಾಕಿ ತಾಯಿ ಹಿಡಿದು ಬೈದರೂ “ಧನ್ಯವಾದ ಸಾರ್, ಶುಭದಿನ” ಎಂದೇ ಮುಗಿಸಬೇಕು. ಬೈದ ಮಾತು ಕಿವಿಯಲ್ಲಿ ಆರುವ ಮೊದಲೇ ಮುಂದಿನ ಕರೆಗೆ ನಗುನಗುತ್ತಾ “ನಮಸ್ಕಾರ” ಹೇಳಬೇಕು. ಇಲ್ಲಿ ಮಾರಾಟವಾಗುವುದು ತೋಳಿನ ಬಲವಲ್ಲ. ಗಂಟಲು ಮತ್ತು ಸಹನೆ.

ಅರೆಹೊತ್ತಿನ ಪಾಳಿ ಎಂದರೆ ನಾಲ್ಕೈದು ಗಂಟೆ. ಕೇಳುವುದಕ್ಕೆ ಹಗುರ. ಆದರೆ ಲೆಕ್ಕ ಹಾಕಿ ನೋಡಿರಿ. ನಾಲ್ಕು ಗಂಟೆಗೆ ಕರೆ ಶುರುವಾಗಬೇಕಾದರೆ ಕಾಲು ಗಂಟೆ ಮುಂಚೆ ಬಂದು ಲಾಗಿನ್ ಆಗಬೇಕು. ಒಂಬತ್ತಕ್ಕೆ ಮುಗಿದ ಮೇಲೆ ಅರ್ಧ ಗಂಟೆ ‘ಫೀಡ್‌ಬ್ಯಾಕ್’ ಎಂಬ ಪಂಚಾಯಿತಿ. ಆ ದಿನದ ತಪ್ಪುಗಳನ್ನು ಎಲ್ಲರ ಎದುರು ಓದುವುದು. ಇವೆರಡಕ್ಕೂ ಕೂಲಿ ಇಲ್ಲದಿದ್ದರೆ ದಿನಕ್ಕೆ ಮುಕ್ಕಾಲು ಗಂಟೆ. 26 ದಿನಕ್ಕೆ ಹತ್ತೊಂಬತ್ತೂವರೆ ಗಂಟೆ. ಎಂದರೆ ತಿಂಗಳಿಗೆ ಹತ್ತಿರಹತ್ತಿರ ನಾಲ್ಕು ಪಾಳಿ ಬಿಟ್ಟಿ ದುಡಿಮೆ. ಇದರ ಮೇಲೆ ಮೊದಲ ಕೆಲವು ದಿನ ತರಬೇತಿ ಎಂಬ ಹೆಸರಿನಲ್ಲಿ ಸಂಬಳವಿಲ್ಲ. ತಿಂಗಳ ಮಧ್ಯೆ ಬಿಟ್ಟರೆ ದುಡಿದ ದಿನಗಳ ಹಣವೂ ಇಲ್ಲ. ಅಂಕಪಟ್ಟಿಯ ಮೂಲಪ್ರತಿಯನ್ನು ಒತ್ತೆ ಇಟ್ಟುಕೊಳ್ಳುವ ಧಣಿಗಳೂ ಉಂಟು. ಇವು ನಮ್ಮಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಆದ ಅನುಭವಗಳು. ಒಬ್ಬ ಮಾಲೀಕನ ಹೆಸರು ಹಿಡಿದು ದೂರುವುದಕ್ಕೆ ನಾವು ಬಂದಿಲ್ಲ. ಈ ಪದ್ಧತಿಯೇ ನಮ್ಮ ದೂರು.

ಇದನ್ನು ಕೇಳಿದವರು ಒಂದು ಮಾತು ಹೇಳುವುದುಂಟು: “ಹುಡುಗರು ಕೈಖರ್ಚಿಗೆ ಮಾಡುವ ಕೆಲಸ, ಇದಕ್ಕೆ ಕಾಯಿದೆ ಕಾನೂನು ಯಾಕೆ?” ಉತ್ತರ ಸರಳ. ಈ ಹಣದಿಂದ ಒಬ್ಬ ಹುಡುಗ ಪರೀಕ್ಷೆ ಶುಲ್ಕ ಕಟ್ಟುತ್ತಾನೆ, ಒಬ್ಬಾಕೆ ಮನೆಗೆ ಗ್ಯಾಸ್ ಸಿಲಿಂಡರ್ ತರುತ್ತಾಳೆ, ಒಬ್ಬ ಊರಿನಲ್ಲಿರುವ ತಾಯಿಯ ಮಾತ್ರೆಗೆ ಕಳಿಸುತ್ತಾನೆ. ಕೈಖರ್ಚು ಎನ್ನುವುದು ಮಾಲೀಕನಿಗೆ ಅನುಕೂಲವಾದ ಹೆಸರು. ಹಿಂದೆ ಹೆಂಗಸರ ಕೂಲಿಯನ್ನು ‘ಗಂಡನ ಸಂಬಳಕ್ಕೆ ಒತ್ತಾಸೆ’ ಎಂದು ಕರೆದು ಕಡಿಮೆ ಕೊಟ್ಟರಲ್ಲ, ಇದೂ ಅದೇ ತಂತ್ರ. ಮತ್ತೊಂದು ನೋಡಿರಿ: ನಮಗೆ ಕೊಡುವುದು ಅರೆಹೊತ್ತಿನ ಹಣ, ಕೇಳುವ ವಿಧೇಯತೆ ಮಾತ್ರ ಪೂರ್ತಿ ಹೊತ್ತಿನದು. ಪರೀಕ್ಷೆ ಇದ್ದರೂ ರಜೆ ಇಲ್ಲ; ಪಾಳಿ ಬದಲಾದದ್ದು ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ತಿಳಿಯುತ್ತದೆ.

ಭಾಷೆಯ ಮಾತನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಲ್ ಸೆಂಟರಿನಲ್ಲಿ ಕೆಲಸದ ಒಂದೊಂದು ವಿಭಾಗಕ್ಕೂ ‘ಪ್ರೋಸೆಸ್’ ಎಂದು ಹೆಸರು. ಅಮೆರಿಕದವರೊಡನೆ ಇಂಗ್ಲಿಷಿನಲ್ಲಿ ಮಾತಾಡುವ ಪ್ರೋಸೆಸ್ಸಿಗೆ ಹೆಚ್ಚು ಸಂಬಳ, ಕನ್ನಡದಲ್ಲಿ ಮಾತಾಡುವ ಪ್ರೋಸೆಸ್ಸಿಗೆ ಕಡಿಮೆ. ನ್ಯೂಯಾರ್ಕಿನಲ್ಲಿ ಬೆಳಗ್ಗೆ 9 ಹೊಡೆದಾಗ ಇಲ್ಲಿ ಬೇಸಿಗೆಯಾದರೆ ಸಂಜೆ 6-30, ಚಳಿಗಾಲವಾದರೆ 7-30. ಅವರ ಹಗಲಿಗೆ ನಮ್ಮ ರಾತ್ರಿಯನ್ನು ಕೊಡಬೇಕು. ಈ ಉದ್ದಿಮೆ ಬೆಂಗಳೂರಿನಲ್ಲಿ ಬೆಳೆದ ಮೊದಲ ವರ್ಷಗಳಲ್ಲಿ ಹೆಸರನ್ನೂ ಬದಲಿಸಿಕೊಳ್ಳಬೇಕಾಗಿತ್ತು. ಮಂಜುನಾಥ ಮೈಕ್ ಆಗುತ್ತಿದ್ದ. ಡಾ. ಲೋಹಿಯಾರವರು ಇಂಗ್ಲಿಷನ್ನು ಅಧಿಕಾರದ ಗದ್ದುಗೆಯಿಂದ ಇಳಿಸಿರಿ ಎಂದಾಗ ನಕ್ಕವರಿದ್ದರು. ಇಂಗ್ಲಿಷ್ ಕಲಿಯಬೇಡಿರೆಂದು ಅವರು ಹೇಳಲಿಲ್ಲ; ಕೆಲವರಿಗೆ ಮಾತ್ರ ದಕ್ಕುವ ಭಾಷೆ ಉಳಿದವರ ನೆತ್ತಿಯ ಮೇಲೆ ಕೂರಬಾರದೆಂದರು. ಒಂದೇ ಕೋಣೆಯಲ್ಲಿ, ಒಂದೇ ಬಗೆಯ ಕುರ್ಚಿಯಲ್ಲಿ, ಒಂದೇ ಯಂತ್ರದ ಮುಂದೆ ದುಡಿಯುವ ಇಬ್ಬರ ನಡುವೆ ಭಾಷೆಯೊಂದು ಕೂಲಿಯ ಏಣಿಯಾಗಿ ನಿಂತದ್ದನ್ನು ನೋಡಬೇಕಾದವರು ನಮ್ಮ ಕೋಣೆಗೆ ಬರಲಿ. ಚಿಕ್ಕನಾಯಕನಹಳ್ಳಿಯ ರೈತನಿಗೆ ಅವನ ಮಾತಿನಲ್ಲೇ ವಿಮೆಯ ಕರಾರು ಬಿಡಿಸಿ ಹೇಳುವುದು ಸುಲಭದ ಕೆಲಸವೇನೂ ಅಲ್ಲ.

ಕಾಯಿದೆ ಏನು ಹೇಳುತ್ತದೆ? ಇಲ್ಲಿ ವ್ಯಾಪಾರಿ ಮಿತ್ರರು ಕಿವಿಗೊಡಬೇಕು. ನಿಮ್ಮ ಅಂಗಡಿಗೂ ನಮ್ಮ ಕಾಲ್ ಸೆಂಟರಿಗೂ ಒಂದೇ ಕಾಯಿದೆ: 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. ಅದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು ಕೊಡಲೇಬೇಕೆಂದಿತು. ಅರೆಹೊತ್ತಿನ ಪಾಳಿ ಐದು ಗಂಟೆಯನ್ನು ದಾಟದಿರುವುದೇಕೆ ಎಂಬುದು ಈಗ ಹೊಳೆಯಿತಲ್ಲವೇ? ಆ ಕಾಯಿದೆಯ ಪ್ರಕಾರ ಕಮಿಷನ್ ಮೇಲೆ ದುಡಿಯುವವನೂ ನೌಕರನೇ. ನೇಮಕದ ಆದೇಶವನ್ನು ಬರೆದು ಕೊಡಬೇಕು. ಆರು ತಿಂಗಳು ದುಡಿದವನನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಇಲ್ಲವೆ ಅದರ ಸಂಬಳ ಕೊಡದೆ ತೆಗೆಯಕೂಡದು. ಹತ್ತು ಮಂದಿ ದುಡಿಯುವ ಕಡೆ ಇ.ಎಸ್.ಐ. ಉಂಟು, ಅರೆಹೊತ್ತಿನವನೆಂಬ ನೆಪದಿಂದ ಯಾರನ್ನೂ ಅದರ ಹೊರಗೆ ಇಡಲು ಬರುವುದಿಲ್ಲ. 2019ರ ಜುಲೈಯಲ್ಲಿ ಅದರ ವಂತಿಗೆಯನ್ನು ನೂರಕ್ಕೆ ನೌಕರನದು 0.75, ಮಾಲೀಕನದು 3.25 ಎಂದು ಇಳಿಸಿದರು. ಇಷ್ಟನ್ನೂ ಉಳಿಸಿಕೊಳ್ಳುವ ಆಸೆಗೆ ಎಷ್ಟೋ ಮಂದಿಯ ಹೆಸರು ಹಾಜರಿ ಪುಸ್ತಕಕ್ಕೇ ಏರುವುದಿಲ್ಲ.

ಸರಕಾರ ಯಾರ ಕಡೆ ನಿಂತಿದೆ? 1946ರ ಸ್ಥಾಯಿ ಆದೇಶಗಳ ಕಾಯಿದೆ ಗಿರಣಿ ಕಾರ್ಮಿಕನಿಗೆ ಗೊತ್ತು. ಕೆಲಸದ ಷರತ್ತುಗಳನ್ನು ಮಾಲೀಕ ಬರೆದು ಒಪ್ಪಿಗೆ ಪಡೆಯಬೇಕೆಂಬ ಕಾಯಿದೆ ಅದು. ಕರ್ನಾಟಕ ಸರಕಾರ ಮಾಹಿತಿ ತಂತ್ರಜ್ಞಾನದ ಉದ್ದಿಮೆಗೂ ಕಾಲ್ ಸೆಂಟರುಗಳಿಗೂ ಅದರಿಂದ 2014ರಲ್ಲಿ ಐದು ವರ್ಷ, 2019ರಲ್ಲಿ ಐದು ವರ್ಷ, 2024ರಲ್ಲಿ ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟಿತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯಿದೆಯನ್ನು ನುಂಗಿದವು. ಸ್ಥಾಯಿ ಆದೇಶಗಳ ಅಂಕೆ 300 ಮಂದಿಗೆ ಏರಿತು. ಬೇಕರಿಯ ಮೇಲಿನ ನಲವತ್ತು ಕುರ್ಚಿಗಳ ತನಕ ಅದರ ನೆರಳೂ ಬೀಳುವುದಿಲ್ಲ.

ಹೆಂಗಸರ ರಾತ್ರಿ ದುಡಿಮೆಯ ಮಾತನ್ನು ಬಿಡುವಂತಿಲ್ಲ. 2005ರ ಡಿಸೆಂಬರಿನಲ್ಲಿ ಇದೇ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರಿನ ಹೆಣ್ಣುಮಗಳೊಬ್ಬಳನ್ನು, ಕರೆದೊಯ್ಯಲು ಬಂದ ಗಾಡಿಯ ಚಾಲಕನೇ ಕೊಂದ. 2010ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅಲ್ಲಿಂದೀಚೆಗೆ ಗಾಡಿ, ಕಾವಲು ಎಂಬ ನಿಯಮಗಳು ಬಿಗಿಯಾದವು. 2020ರಲ್ಲಿ ರಾಜ್ಯದ ಎಲ್ಲ ಅಂಗಡಿ, ವಾಣಿಜ್ಯ ಸಂಸ್ಥೆಗಳಲ್ಲೂ ಹೆಂಗಸರು ಷರತ್ತಿನ ಮೇಲೆ ರಾತ್ರಿ ದುಡಿಯಬಹುದೆಂದು ಕಾಯಿದೆ ತಿದ್ದಿದರು. ಆದರೆ ಸಂಜೆಯ ಪಾಳಿ ಮುಗಿಸಿ ಒಂಬತ್ತೂವರೆಗೆ ಇಳಿಯುವ ಅರೆಹೊತ್ತಿನ ಹೆಣ್ಣುಮಗಳಿಗೆ ಗಾಡಿ ಎಲ್ಲಿದೆ? ಆಕೆ ಮೆಟ್ರೊ ಇಳಿದು ಬೀದಿದೀಪ ಇಲ್ಲದ ಅಡ್ಡರಸ್ತೆಗಳಲ್ಲಿ ಒಬ್ಬಳೇ ನಡೆಯುತ್ತಾಳೆ.

ಗಿರಣಿಯವರಿಗೆ ಇದ್ದ ಒಂದು ಸೌಭಾಗ್ಯ ನಮಗಿಲ್ಲ, ಅದು ಗೇಟು. ಪಾಳಿ ಬಿಟ್ಟಾಗ ಸಾವಿರ ಮಂದಿ ಒಂದೇ ಗೇಟಿನಿಂದ ಬಂದರೆ ಅಲ್ಲೇ ಸಭೆ, ಅಲ್ಲೇ ಸಂಘ. ನಾವು ನಾಲ್ಕು ಹೊತ್ತಿಗೆ ನಾಲ್ಕು ಗುಂಪಾಗಿ ಬಂದು ಹೋಗುವವರು. ಪಕ್ಕದ ಕುರ್ಚಿಯವನ ಹೆಸರು ಬಾಯಿಗೆ ಬರುವಷ್ಟರಲ್ಲಿ ಅವನು ಕೆಲಸ ಬಿಟ್ಟಿರುತ್ತಾನೆ. ಈಚೆಗೆ ಯಂತ್ರವೇ ಕನ್ನಡದಲ್ಲಿ ಮಾತಾಡಿ ಸಾಲದ ಕಂತು ಕೇಳುತ್ತಿದೆ. “ಜಾಸ್ತಿ ಮಾತಾಡಿದರೆ ನಿನ್ನ ಜಾಗಕ್ಕೆ ಅದು ಬರುತ್ತದೆ” ಎಂಬ ಬೆದರಿಕೆಯೂ ಸೇರಿದೆ.

ಹಾಗಾದರೆ ಕೈ ಕಟ್ಟಿ ಕೂರಬೇಕೇ? ಇಲ್ಲ. ಗೇಟಿಲ್ಲದ ಕಡೆಯೂ ಸಂಘ ಕಟ್ಟಬಹುದೆಂಬುದಕ್ಕೆ ಸಾಕ್ಷಿ ಉಂಟು. 2017ರಲ್ಲಿ ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘ ಹುಟ್ಟಿತು. 2024ರ ಜುಲೈಯಲ್ಲಿ ಈ ಉದ್ದಿಮೆಯವರಿಂದ ದಿನಕ್ಕೆ 12 ಗಂಟೆಗೂ ಮೀರಿ ದುಡಿಸಬಹುದೆಂಬ ತಿದ್ದುಪಡಿಯ ಮಾತು ಬಂದಾಗ ಅದು ಬೀದಿಗಿಳಿಯಿತು. ಸರಕಾರ ಆಗ ಹಿಂದೆಗೆಯಿತು. 2025ರಲ್ಲಿ 10 ಗಂಟೆಯ ದಿನದ ಮಾತು ಮತ್ತೆ ಎದ್ದಿತು ಎಂಬುದನ್ನೂ ಮರೆಯಬೇಡಿರಿ. ಧಣಿಗಳು ಒಂದೇ ಸಲಕ್ಕೆ ಸುಮ್ಮನಾಗುವವರಲ್ಲ. 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಅಡ್ಡ ಬಂದ ಹೊಸ ನಿಯಮದ ವಿರುದ್ಧ ಹೆದ್ದಾರಿಗಳಲ್ಲಿ ಕುಳಿತರು. ಎರಡನೆಯ ದಿನವೇ ಕೇಂದ್ರ ಸರಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಅರೆಹೊತ್ತಿನವರ ಹೆಸರೂ ಹಾಜರಿ ಪುಸ್ತಕದಲ್ಲಿ ಇರಲಿ. ನೇಮಕದ ಕಾಗದ ಕೈಗೆ ಬರಲಿ. ಲಾಗಿನ್ನಿನ ಮುಂಚಿನ ಕಾಲು ಗಂಟೆಗೂ, ಫೀಡ್‌ಬ್ಯಾಕಿನ ಅರ್ಧ ಗಂಟೆಗೂ, ತರಬೇತಿಯ ದಿನಗಳಿಗೂ ಕೂಲಿ ಕೊಡಲಿ. ಅಂಕಪಟ್ಟಿ ಒತ್ತೆ ಇಡುವುದು ನಿಲ್ಲಲಿ. ಕನ್ನಡದ ಕರೆಗೂ ಇಂಗ್ಲಿಷಿನ ಕರೆಗೂ ಗಂಟೆಯ ಕೂಲಿ ಒಂದೇ ಇರಲಿ. ಕತ್ತಲಾದ ಮೇಲೆ ಬಿಡುವ ಹೆಣ್ಣುಮಕ್ಕಳಿಗೆ ಗಾಡಿ ಇರಲಿ.

ನಮ್ಮವರಿಗೂ ಒಂದು ಮಾತು: ದಿನದಿನದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ, ಪಾಳಿಯ ಸಂದೇಶಗಳನ್ನು ಅಳಿಸಬೇಡಿರಿ. ಕಾರ್ಮಿಕ ಇಲಾಖೆಯ ಮುಂದೆ ಬಾಯಿಮಾತಿಗಿಂತ ಬರವಣಿಗೆಗೆ ತೂಕ ಹೆಚ್ಚು. ವ್ಯಾಪಾರಿ ಮಿತ್ರರೇ, ಈ ಕರೆಗಳು ಬೇಡವಾದರೆ 1909ಕ್ಕೆ ತಿಳಿಸಿ ನಿಮ್ಮ ನಂಬರನ್ನು ತಡೆಪಟ್ಟಿಗೆ ಸೇರಿಸಿರಿ. ಅದು ನಿಮ್ಮ ಹಕ್ಕು. ಆದರೆ ಬೈಗುಳ ಬ್ಯಾಂಕಿನ ಧಣಿಗೆ ತಲಪುವುದಿಲ್ಲ, ಹೆಡ್‌ಸೆಟ್ ಹಾಕಿದ ಹುಡುಗಿಗೆ ತಲಪುತ್ತದೆ ಎಂಬುದು ನೆನಪಿರಲಿ. ನಿಮ್ಮ ಅಂಗಡಿಯಲ್ಲಿ ಸಂಜೆ ಮಾತ್ರ ಬಂದು ಮೂಟೆ ಇಳಿಸುವ ಹುಡುಗನೂ ಅರೆಹೊತ್ತಿನವನೇ. ಅವನ ಹೆಸರು ನಿಮ್ಮ ಪುಸ್ತಕದಲ್ಲಿದೆಯೇ ಎಂದು ಇಂದು ರಾತ್ರಿ ಬಾಗಿಲು ಹಾಕುವ ಮುನ್ನ ನೋಡಿಕೊಳ್ಳಿರಿ. ಗಿರಣಿಯ ಸೋದರರೇ, ನಿಮಗೆ ಸಂಘ ಕಟ್ಟಿ ಗೊತ್ತು; ಸಂಜೆ ಒಂಬತ್ತರ ಹೊತ್ತಿಗೆ ಮೆಟ್ರೊ ನಿಲ್ದಾಣದ ಬಾಗಿಲಿಗೆ ಬನ್ನಿರಿ. ಅದನ್ನೇ ನಮ್ಮ ಗೇಟು ಮಾಡಿಕೊಳ್ಳೋಣ.